ಸುಳಿ ತೆಗೆಯದ ಕತ್ತಾಳೆ

ಆ ಬೆಳಿಗ್ಗೆ ಇಬ್ಬನಿ ಇಬ್ಬನಿಯಾಗಿ ಉಳಿದಿರಲಿಲ್ಲ. ಬೆಳಗಾಗುವ ಮೊದಲೇ ಹೆಪ್ಪುಗಟ್ಟಿ, ಬಯಲಿನ ಕತ್ತಾಳೆಗಳ ಮೇಲೆಲ್ಲ ಯಾರೋ ಉಪ್ಪು ಉದುರಿಸಿ ಹೋದ ಹಾಗೆ ಕೂತಿತ್ತು. ಗಾಳಿಯಿಲ್ಲ. ದೂರದ ಬೆಟ್ಟದ ನೆತ್ತಿಗೆ ಬಿಸಿಲು ಬಿದ್ದಿತ್ತು, ಕೆಳಗೆ ಊರಿಗೆ ಇನ್ನೂ ಇಳಿದಿರಲಿಲ್ಲ. ಫಿದೆನ್ಸಿಯೊ ಅಂಗಳದಲ್ಲಿ ಕತ್ತೆಯ ಹಗ್ಗ ಬಿಚ್ಚುತ್ತ, ಬಿಚ್ಚಿತೋ ಇಲ್ಲವೋ ಎಂದು ಕಣ್ಣಿಂದ ನೋಡಿ ತಿಳಿದುಕೊಂಡ. ಆಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತೋರುಬೆರಳನ್ನು ತುಟಿಗೆ ಒತ್ತಿದ. ತುಟಿಗೆ ಬೆರಳು ತಣ್ಣಗೆ ತಾಗಿತು. ಬೆರಳಿಗೆ ತುಟಿ ತಾಗಲಿಲ್ಲ. ದಿನವೂ ಹೀಗೆ ನೋಡಿಕೊಳ್ಳುವುದು ಅವನಿಗೆ ಒಂದು ಪ್ರಾರ್ಥನೆಯ ಹಾಗಾಗಿತ್ತು, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಬಿಡಲಾರದ ಪ್ರಾರ್ಥನೆ.

"ಬೆರಳು ಚೀಪ್ತಾ ನಿಂತಿದೀಯಲ್ಲ, ಕಾಫಿ ಬೇಡ್ವಾ?" ಎಂದಳು ಬಾಗಿಲಲ್ಲಿ ಹೆಂಡತಿ ಕ್ರೆಸೆನ್ಸಿಯಾ. ಹೊದ್ದ ಶಾಲಿನೊಳಗಿಂದ ಚಕ್ಕೆ ಹಾಕಿದ ಕಾಫಿಯ ಆವಿ ಬರುತ್ತಿತ್ತು.

"ಕೊಮಾದ್ರೆ ಪೆತ್ರೊನಿಲಾ ಕಾಯ್ತಿರ್ತಾರೆ. ಇವತ್ತು ಬೀಜ ಇಳಿಸ್ಬೇಕು."

"ಹೌದಪ್ಪಾ, ಬೀಜದ ದೊರೆ. ಊರಿಗೇ ಬುದ್ಧಿ ಕಲಿಸಿದೋನು. ಮನೇಲಿ ಚಿಲಕ ಹಾಕೋದು ಮಾತ್ರ ಮರೀತಿ." ಅವಳು ನಕ್ಕಳು. ಅವನೂ ನಗಬೇಕಾಯಿತು. ಚಿಲಕ ಮರೆತದ್ದಲ್ಲ, ಕೊಂಡಿ ಬಿದ್ದದ್ದು ಬೆರಳಿಗೆ ಗೊತ್ತಾಗಿರಲಿಲ್ಲ. ಅದನ್ನೂ ಅವಳಿಗೆ ಹೇಳಿರಲಿಲ್ಲ.

ಊರು ದಾಟಿದರೆ ಸಾಕು, ಪೆತ್ರೊನಿಲಾಳ ಬದುವಿನ ಕತ್ತಾಳೆಯ ಹೂಗಂಬ ಕಾಣುತ್ತಿತ್ತು. ಎಲ್ಲಿಂದ ನೋಡಿದರೂ ಕಾಣುತ್ತಿತ್ತು, ಅದೇ ಅದರ ಕಷ್ಟ. ಚರ್ಚಿನ ಗೋಪುರ ಬಿಟ್ಟರೆ ಆ ಬಯಲಿನಲ್ಲಿ ಅದರಷ್ಟು ಎತ್ತರದ್ದು ಇನ್ನೊಂದಿಲ್ಲ. ಮೂರಾಳು ಮೀರಿದ ಎತ್ತರ, ಮೇಲೆ ಅತ್ತಿತ್ತ ಚಾಚಿದ ಕೊಂಬೆಗಳ ತುದಿಯಲ್ಲಿ ಒಣಗಿದ ಕಾಯಿಗಳ ಗೊಂಚಲು. ನಲವತ್ತೈದು ವರ್ಷದಿಂದ ಫಿದೆನ್ಸಿಯೊ ಕತ್ತಾಳೆಗಳ ಸುಳಿ ತೆಗೆಯುವವನು. ಗಿಡ ಹತ್ತು ಹನ್ನೆರಡು ವರ್ಷ ಬೆಳೆದು, ಒಂದು ವಾರ, ಒಂದೇ ವಾರ, ಹೂಗಂಬ ಎತ್ತುವುದಕ್ಕೆ ಒಳಗೊಳಗೇ ಸಿದ್ಧವಾಗುತ್ತದೆ. ಆಗ ಅದರ ನಡುವಿನ ಸುಳಿಯನ್ನು ಕಿತ್ತು ತೆಗೆದರೆ, ಹೂವಿಗೆಂದು ಕೂಡಿಟ್ಟ ಸಿಹಿಯೆಲ್ಲ ಕೆಲವು ತಿಂಗಳು ಬಲಿತು ಆ ಗುಳಿಯಲ್ಲಿ ಜೇನುನೀರಾಗಿ ಒಸರುತ್ತದೆ. ಅದು ಹುಳಿಯಾದರೆ ಪುಲ್ಕೆ ಎಂಬ ಹೆಂಡ. ಹೋರಿಗೆ ಮಾಡುವುದಕ್ಕೂ ಕತ್ತಾಳೆಗೆ ಮಾಡುವುದಕ್ಕೂ ಆ ಊರಲ್ಲಿ ಒಂದೇ ಮಾತು: ಬೀಜ ಒಡೆಯುವುದು. ವಾರ ತಪ್ಪಿದರೆ ಗಂಬ ಏಳುತ್ತದೆ, ಹೂ ಬಿಡುತ್ತದೆ, ಗಿಡ ಸಾಯುತ್ತದೆ, ಒಂದು ತೊಟ್ಟೂ ಸಿಗುವುದಿಲ್ಲ. ಬಸುರಿಯ ಹೊಟ್ಟೆ ಮುಟ್ಟಿ ಸೂಲಗಿತ್ತಿ ತಿಂಗಳು ಹೇಳುವ ಹಾಗೆ, ಸುಳಿಯ ಮಡಿಕೆಯೊಳಗೆ ಬೆರಳಿಟ್ಟು ಅವನು ವಾರ ಹೇಳುತ್ತಿದ್ದ. ಒಳಗಿನ ಎಲೆಯ ಅಂಚಿನ ಮುಳ್ಳು ಗಡುಸಾಗಿದ್ದರೆ ಇನ್ನೂ ಬೇಡ. ಮೆತ್ತಗಾಗಿ, ಸಣ್ಣಗಾಗಿದ್ದರೆ ನಾಳೆಯೇ. ಒಂದು ಸಲವೂ ತಪ್ಪಿರಲಿಲ್ಲ.

ಅದು ಹೋದ ಫೆಬ್ರುವರಿ, ಮೇಣದಬತ್ತಿ ಹರಸುವ ಹಬ್ಬ. ಚರ್ಚಿನಲ್ಲಿ ಎಲ್ಲರೂ ಬುಟ್ಟಿಯಲ್ಲಿ ಮೆಕ್ಕೆಜೋಳ, ಹುರುಳಿ ಬೀಜ ಹಿಡಿದು ನಿಂತು ಪಾದ್ರಿಯಿಂದ ನೀರು ಚಿಮುಕಿಸಿಕೊಂಡಿದ್ದರು. ಅಲ್ಲಿಂದಲೇ ಕೊಮಾದ್ರೆ ಪೆತ್ರೊನಿಲಾ ಅವನನ್ನು ತನ್ನ ಹೊಲದ ಬದುವಿಗೆ ಕರೆದುಕೊಂಡು ಹೋಗಿದ್ದಳು. ಅವಳ ಗಂಡ ತಿಬುರ್ಸಿಯೊ ಫಿದೆನ್ಸಿಯೊನ ಮಗಳನ್ನು ದೀಕ್ಷಾಸ್ನಾನದ ದಿನ ಎತ್ತಿ ಹಿಡಿದವನು. ಅಂದಿನಿಂದ ಗಂಡಸರಿಬ್ಬರೂ ಕೊಂಪಾದ್ರೆ, ಅವಳು ಕೊಮಾದ್ರೆ, ಮೂವತ್ತು ವರ್ಷ ಒಂದೇ ಒಲೆಯ ರೊಟ್ಟಿ ತಿಂದರೂ ಏಕವಚನ ಬಂದಿರಲಿಲ್ಲ. ತಿಬುರ್ಸಿಯೊ ತೀರಿಕೊಂಡು ಎರಡು ವರ್ಷ. ಅವನು ನೆಟ್ಟ ಬದುವಿನ ಕತ್ತಾಳೆಗಳಲ್ಲಿ ಇದೊಂದೇ ಬಲಿತದ್ದು ಉಳಿದಿತ್ತು. "ನವೆಂಬರಲ್ಲಿ ಸತ್ತೋರ ಹಬ್ಬಕ್ಕೆ ಅವರದೇ ಗಿಡದ ಪುಲ್ಕೆ ಒಂದು ಹೂಜಿ ಪೀಠದ ಮೇಲೆ ಇಡ್ಬೇಕು ಕೊಂಪಾದ್ರೆ. ಅಷ್ಟೇ ನನಗೆ. ಮಿಕ್ಕಿದ್ದೆಲ್ಲ ನೀವೇ ತಗೊಳ್ಳಿ," ಎಂದಿದ್ದಳು. ಅವನು ಮೊಣಕಾಲೂರಿ ಸುಳಿಯೊಳಗೆ ಬೆರಳಿಟ್ಟ. ಏನೂ ಇರಲಿಲ್ಲ. ಮುಳ್ಳು ಗಡುಸೂ ಅಲ್ಲ ಮೆತ್ತಗೂ ಅಲ್ಲ. ಬೆರಳು ಬೇರೆ ಯಾರದೋ ಎಂಬ ಹಾಗೆ ಅಲ್ಲಿತ್ತು. ಚಳಿಗೆ ಇರಬೇಕು ಎಂದುಕೊಂಡ. ಹಿಂದೆ ನಿಂತ ಹೆಂಗಸಿನ ಉಸಿರು ಕೇಳುತ್ತಿತ್ತು. ನಲವತ್ತೈದು ವರ್ಷದ ಅಭ್ಯಾಸವೇ ಬಾಯಿ ತೆರೆದು ಹೇಳಿತು: "ಇನ್ನೂ ಎರಡು ತಿಂಗಳು ಬೇಕು ಕೊಮಾದ್ರೆ."

ಮಾರ್ಚಿನ ನಡುವೆ ಒಂದು ಬೆಳಿಗ್ಗೆ ಬೇರೆಯವರ ಹೊಲಕ್ಕೆ ಹೋಗುತ್ತಿದ್ದಾಗ ದಾರಿಯಿಂದಲೇ ಕಂಡಿತು, ಪೆತ್ರೊನಿಲಾಳ ಗಿಡದ ಎಲೆಗಳ ನಡುವಿಂದ ಮೊಳಕೈಯುದ್ದ ಎದ್ದು ನಿಂತ ಹಸಿರು ಗಂಬ. ಕತ್ತೆ ತಾನಾಗಿ ನಿಂತಿತು. ಅವಳ ಮನೆಗೆ ನಡೆದು ಹೋದ ಆ ಅರ್ಧ ಹರದಾರಿಯನ್ನು ಅವನು ಈಗಲೂ ನಡೆಯುತ್ತಿದ್ದಾನೆ. ಪ್ರತಿ ಹೆಜ್ಜೆಗೂ ಒಂದೊಂದು ನಿಜದ ಮಾತು ಸಿದ್ಧಮಾಡಿ, ಮುಂದಿನ ಹೆಜ್ಜೆಗೆ ಅದನ್ನು ಬಿಸಾಕಿದ್ದ. ಬಾಗಿಲಲ್ಲಿ ಅವಳ ಮುಖ ಕಂಡಾಗ ನಾಲಿಗೆ ತನ್ನ ದಾರಿ ತಾನೇ ಹಿಡಿಯಿತು. "ಬೀಜಕ್ಕೆ ಬಿಟ್ಟಿದೀನಿ ಕೊಮಾದ್ರೆ," ಎಂದ. "ಮೂರು ತಲೆಮಾರಿಂದ ಬುಡದ ಕಂದು ಕಿತ್ತು ಕಿತ್ತು ನೆಡ್ತಾ ಇದೀವಿ. ಕಂದು ಅಂದ್ರೆ ತಾಯಿಯ ಉಗುರು ಇದ್ದ ಹಾಗೆ, ಬೇರೆ ಜೀವ ಅಲ್ಲ. ಊರಿಗೆ ಊರೇ ಒಂದೇ ಗಿಡ. ಅದಕ್ಕೇ ಹುಳ ಬಂದ್ರೆ ಎಲ್ಲಕ್ಕೂ ಬರುತ್ತೆ. ಕೊಂಪಾದ್ರೆದು ಒಳ್ಳೆ ಗಿಡ. ಅದರ ಬೀಜ ಉಳೀಲಿ ಅಂತ." ಹೇಳುತ್ತಿದ್ದಾಗಲೇ ಅದು ನಿಜವೆಂದು ಅವನಿಗೆ ಹೊಳೆಯಿತು. ಇನ್ನೊಬ್ಬರು ಹೇಳಿದ್ದರೆ ಅವನು ತಲೆದೂಗುತ್ತಿದ್ದ. ಸುಳ್ಳಿಗೆ ಸತ್ಯದ ಅಂಗಿ ತೊಡಿಸುವುದು ಇಷ್ಟು ಸುಲಭ ಎಂದು ಅವನಿಗೆ ತಿಳಿದಿರಲಿಲ್ಲ. ಪೆತ್ರೊನಿಲಾ "ಅವರಿಗೂ ಇದು ಹೊಳೀಲಿಲ್ವಲ್ಲ," ಎಂದು ಕಣ್ಣೊರೆಸಿಕೊಂಡಳು.

ಆ ಬೇಸಿಗೆ ಅವನು ಮೊದಲ ಸಲ ಕತ್ತಾಳೆ ಹೂ ಬಿಡುವುದನ್ನು ಕಂಡ. ಸಾವಿರಾರು ಗಿಡಗಳ ಮುಂದೆ ಮೊಣಕಾಲೂರಿ, ಶಿಲುಬೆ ಬರೆದು, ನಿನ್ನ ಹೂವು ತಗೊಳ್ತೀನಿ ತಾಯಿ ಕ್ಷಮಿಸು ಎಂದವನಿಗೆ ತಾನು ತೆಗೆದುಕೊಂಡದ್ದು ಏನೆಂದೇ ಗೊತ್ತಿರಲಿಲ್ಲ. ಕೊಂಬೆಗೊಂದು ತಟ್ಟೆಯ ಹಾಗೆ ಹಳದಿ ಹೂ. ಮಧ್ಯಾಹ್ನ ಕೆಳಗೆ ನಿಂತರೆ ಟೋಪಿಯ ಮೇಲೆ ಸಿಹಿ ತೊಟ್ಟಿಕ್ಕುತ್ತಿತ್ತು. ಜೇನುಹುಳ, ಝೇಂಕಾರದ ಪುಟ್ಟ ಹಕ್ಕಿ, ಹೊತ್ತು ಮುಳುಗುವಾಗ ಬೆಟ್ಟದ ಗುಹೆಯಿಂದ ಬಾವಲಿಗಳು. ಅವು ಮುಖವನ್ನೇ ಹೂವಿನೊಳಗೆ ಅದ್ದಿ, ಗಲ್ಲಕ್ಕೆ ಹಳದಿ ಹುಡಿ ಬಳಿದುಕೊಂಡು ಹಾರುತ್ತಿದ್ದವು. ಯಾವ ಊರಿನ ಯಾವ ಬದುವಿನ ಗಿಡದ ಹುಡಿ ಇಲ್ಲಿಗೆ ಬಂತೋ, ಇಲ್ಲಿಯದು ಎಲ್ಲಿಗೆ ಹೋಯಿತೋ. ಬುಡದಲ್ಲಿ ಕಂದು ಹುಟ್ಟುವುದು ಮನೆಯ ಹಿಂಬಾಗಿಲಿಂದ ಮಗು ಬಂದ ಹಾಗೆ, ಅಳುವಿಲ್ಲ, ಸಂಭ್ರಮವಿಲ್ಲ, ತಾಯಿಯದೇ ಮುಖ. ಇದು ಬೇರೆ. ನೆಲಕ್ಕೆ ಕಟ್ಟಿಬಿದ್ದ ಒಂದು ಜೀವ ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದು, ಕಡೆಗೆ ಇದ್ದದ್ದೆಲ್ಲವನ್ನೂ ಆಕಾಶಕ್ಕೆ ಎತ್ತಿ ಹಿಡಿದು, ಗುರುತಿಲ್ಲದ ಯಾರಿಗೋ ಬಾ ಎಂದು ಕರೆಯುವುದು. ದೇವರು ಎರಡು ಬಾಗಿಲು ಇಟ್ಟಿದ್ದಾನೆ. ತಾನು ಬದುಕಿಡೀ ಒಂದನ್ನು ಮುಚ್ಚುವ ಕೆಲಸ ಮಾಡಿದೆ ಎಂದುಕೊಂಡು ಅವನು ಟೋಪಿ ತೆಗೆದು ನಿಂತಿದ್ದ. ಈ ಚೆಲುವು ತನ್ನ ತಪ್ಪಿನಿಂದ ಹುಟ್ಟಿದ್ದು. ಚೆಲುವನ್ನು ನೋಡಿದಷ್ಟೂ ತಪ್ಪು ಬೆಳೆಯುತ್ತಿತ್ತು, ಗೇಣು, ಮೊಳ, ಆಳು, ಊರಿಗೆಲ್ಲ ಕಾಣುವ ಹಾಗೆ.

"ಏನ್ ಫಿದೆನ್ಸಿಯೊ ಮಾವಾ, ಬಾಣಂತನಕ್ಕೆ ಹೊರಟಿರಾ?" ಆ ಇಬ್ಬನಿಯ ಬೆಳಿಗ್ಗೆ ಬದು ಹತ್ತಿರವಾದಾಗ ಬೇಲಿಯಾಚೆಯಿಂದ ಮಕಾರಿಯೊ ಕೂಗಿದ. ಅವನ ಹೊಲ ಪೆತ್ರೊನಿಲಾಳ ಹೊಲಕ್ಕೆ ಅಂಟಿದ್ದು. ಕತ್ತಿನ ಸುತ್ತ ಮಫ್ಲರು, ಕೈಯಲ್ಲಿ ರೊಟ್ಟಿಯ ಸುರುಳಿ. "ನಲವತ್ತೈದು ವರ್ಷ ಬೀಜ ಒಡೆದೋರು ಈಗ ಬೀಜ ಕಾಯೋಕೆ ಕೂತರಲ್ಲ, ಬೆಕ್ಕು ಯಾತ್ರೆಗೆ ಹೋದ ಹಾಗಾಯ್ತು ಅಂತ ನಾನೇ ನಕ್ಕಿದ್ದೆ, ನಿಜ ಹೇಳ್ತೀನಿ. ಆದ್ರೆ ನೋಡಿ, ನಿಮ್ಮನ್ನ ನೋಡಿ ನಾನೂ ಒಂದು ಬಿಟ್ಟಿದೀನಿ. ಆ ಕಡೆ ಹೊಲದ ಅಣ್ಣತಮ್ಮಂದಿರೂ ಒಂದು ಬಿಟ್ಟಿದಾರೆ. ಒಂದು ಹಿಡಿ ಬೀಜ ನನಗೂ ಕೊಡಿಸಿ, ಆಯ್ತಾ?"

"ನಂದಲ್ಲಪ್ಪ. ಕೊಮಾದ್ರೇನ ಕೇಳು."

"ತಲೆ ನಿಮ್ಮದು ತಾನೆ."

ತಲೆ ನನ್ನದು, ಫಿದೆನ್ಸಿಯೊ ಅಂದುಕೊಂಡ. ಒಬ್ಬನ ಬೆರಳು ಸತ್ತದ್ದಕ್ಕೆ ಮೂರು ಹೊಲದಲ್ಲಿ ಹೂ ಬಿಟ್ಟಿತು, ಅದನ್ನು ಜ್ಞಾನವೆಂದು ಕರೆದರು. ಬೈದಿದ್ದರೆ ಸಹಿಸಬಹುದಿತ್ತು. ಬೈಗುಳಕ್ಕೆ ಒಂದು ಕೊನೆ ಇರುತ್ತದೆ.

ಪೆತ್ರೊನಿಲಾ ಆಗಲೇ ಬದುವಿನಲ್ಲಿ ಹಳೆಯ ಕಂಬಳಿ ಹಾಸಿ ಕಾಯುತ್ತಿದ್ದಳು, ಕುಳ್ಳಗೆ, ಗುಂಡಗೆ, ಎರಡು ಜಡೆಯ ತುದಿ ಸೇರಿಸಿ ಕಟ್ಟಿ. ಗಿಡ ಸತ್ತುಹೋಗಿತ್ತು, ಒಂದು ಕಾಲದಲ್ಲಿ ಮನುಷ್ಯನಷ್ಟು ಎತ್ತರವಿದ್ದ ಎಲೆಗಳು ಒಣ ತೊಗಲಿನ ಹಾಗೆ ನೆಲಕ್ಕೆ ಬಿದ್ದಿದ್ದವು, ಅವುಗಳ ನಡುವೆ ಏಳೆಂಟು ಕಂದುಗಳು ಏನೂ ಆಗದವರ ಹಾಗೆ ಕೂತಿದ್ದವು. ಅವನು ಕೊಡಲಿ ತೆಗೆದ. ಹಿಡಿ ಸರಿಯಾಗಿ ಸಿಕ್ಕಿದೆಯೇ ಎಂದು ನೋಡಿಕೊಂಡ. ಆರೇಳು ಏಟಿಗೆ ಗಂಬ ಕಿರುಗುಟ್ಟಿ, ಆತುರವಿಲ್ಲದೆ ವಾಲಿ, ಕಂಬಳಿಯ ಮೇಲೆ ಬಿತ್ತು. ಗಿಲಕಿಯ ಹಾಗೆ ಸದ್ದಾಯಿತು. ಇಬ್ಬರೂ ಶಿಲುಬೆಯ ಗುರುತು ಮಾಡಿಕೊಂಡರು.

ಬಿಸಿಲು ಬಂತು. ಇಬ್ಬನಿ ಕರಗಿ ಎಲೆಗಳಿಂದ ತೊಟ್ಟಿಕ್ಕತೊಡಗಿತು. ಅವರು ಎದುರುಬದುರು ಕೂತು ಕಾಯಿ ಒಡೆದು ಹುಲ್ಲಿನ ತಟ್ಟೆಗೆ ಉದುರಿಸಿದರು. ಒಂದೊಂದು ಕಾಯಲ್ಲೂ ಕಾಗದದಷ್ಟು ತೆಳುವಾದ ಬೀಜಗಳು ನಾಣ್ಯ ಪೇರಿಸಿದ ಹಾಗೆ. ಕೆಲವು ಕಪ್ಪು, ಕೆಲವು ಬಿಳಿ.

"ಬಿಳೀದು ಜೊಳ್ಳು ಅಲ್ವಾ?"

"ಹೂಂ. ಹುಡಿ ತಾಗದೇ ಇದ್ದದ್ದು. ಕಪ್ಪು ಮಾತ್ರ ಹುಟ್ಟೋದು."

"ಎಷ್ಟೊಂದ್ ಕಪ್ಪು ಇದೆ ನೋಡಿ," ಎಂದಳು ಪೆತ್ರೊನಿಲಾ. ತಟ್ಟೆ ಕೇರಿದಾಗ ಬಿಳಿಯವು ಹಾರಿ ಅವಳ ಶಾಲಿಗೆ ಅಂಟಿದವು. "ಇವುಗಳ ಅಪ್ಪಂದಿರು ಯಾರ್ಯಾರೋ. ಒಂದರ ಮುಖ ಇನ್ನೊಂದಕ್ಕಿರಲ್ಲ. ಒಂದು ಗಿಡ್ಡ ಆಗುತ್ತೆ, ಒಂದು ಸೊಟ್ಟ ಆಗುತ್ತೆ. ತಿಬುರ್ಸಿಯೊಗೆ ಹಾಗಿದ್ರೆ ಆಗ್ತಿರಲಿಲ್ಲ. ಸಾಲು ಅಂದ್ರೆ ಸಾಲಾಗಿರ್ಬೇಕು ಅವರಿಗೆ. ನನ್ನ ಜಡೇನೂ ಎಳೆದು ಸರಿ ಮಾಡ್ತಿದ್ರು." ಅವಳು ನಕ್ಕಳು. "ಸತ್ತೋರ ಹಬ್ಬದ ದಿನ ಪೀಠದ ಮೇಲೆ ಹೂಜಿ ಬೇರೆಯವರ ಪುಲ್ಕೇದು ಇಟ್ಟೆನಲ್ಲ, ಒಂಥರಾ ಆಯ್ತು. ಆಮೇಲೆ ಅವರಿಗೆ ಹೇಳಿದೆ. ನೋಡ್ರೀ, ಕೋಪ ಮಾಡ್ಕೋಬೇಡಿ. ನಿಮ್ಮ ಕೊಂಪಾದ್ರೆ ನಮಗಿಂತ ದೂರ ಯೋಚನೆ ಮಾಡಿದಾರೆ, ನಿಮ್ಮ ಗಿಡಕ್ಕೆ ಮಕ್ಕಳಾಗ್ಲಿ ಅಂತ ಬಿಟ್ಟಿದಾರೆ, ಅಂದೆ. ನಿಮ್ಮ ಹೆಸರಲ್ಲೂ ಒಂದು ಬತ್ತಿ ಹಚ್ಚಿದೆ ಕೊಂಪಾದ್ರೆ. ಈ ಭಾನುವಾರಾನೂ ಹಚ್ತೀನಿ."

ಫಿದೆನ್ಸಿಯೊನ ಕೈಯಲ್ಲಿದ್ದ ಕಾಯಿ ಬಿತ್ತು. ಬಿದ್ದದ್ದು ಅವನಿಗೆ ತಿಳಿದದ್ದು ಸದ್ದಿನಿಂದ. ಬದುಕಿರುವವರ ಮುಂದೆ ಸುಳ್ಳು ಹೇಳಬಹುದು. ಅವರೂ ಹೇಳುತ್ತಾರೆ, ಲೆಕ್ಕ ಎಲ್ಲೋ ಹೊಂದುತ್ತದೆ. ಆದರೆ ಅವನ ಸುಳ್ಳನ್ನು ಈ ಹೆಂಗಸು ತಾನು ತಿಳಿಯದೆ ಹೊತ್ತುಕೊಂಡು ಹೋಗಿ, ಎರಡು ವರ್ಷದಿಂದ ಮಣ್ಣಿನಲ್ಲಿರುವವನ ಮುಂದೆ ಇಟ್ಟಿದ್ದಾಳೆ. ತಿಬುರ್ಸಿಯೊ ಅಲ್ಲಿಂದ ಎಲ್ಲವನ್ನೂ ನೋಡುವವನು. ಆ ಬತ್ತಿಯ ಬೆಳಕಲ್ಲಿ ಅವನು ತನ್ನ ಹಳೆಯ ಗೆಳೆಯನ ಬೆರಳನ್ನೇ ನೋಡಿರಬೇಕು.

"ಅದನ್ನ ಇನ್ನು ಹಚ್ಚಬೇಡಿ ಕೊಮಾದ್ರೆ," ಎಂದ.

"ಯಾವುದನ್ನ?"

"ಆ ಬತ್ತಿ. ನಾನು ಬೀಜಕ್ಕೆ ಅಂತ ಬಿಡಲಿಲ್ಲ. ಮುಟ್ಟಿ ನೋಡಿದೆ, ಗೊತ್ತಾಗಲಿಲ್ಲ. ಬೆರಳು ಹೋಗಿದೆ ನನಗೆ. ಹೋದ ಚಳಿಗಾಲದಿಂದ. ಅವತ್ತು ಗಿಡ ಸಿದ್ಧ ಇತ್ತು."

ಪೆತ್ರೊನಿಲಾ ಕೇರುವುದನ್ನು ನಿಲ್ಲಿಸಲಿಲ್ಲ. ತಟ್ಟೆ ಎರಡು ಸಲ, ಮೂರು ಸಲ ಏರಿ ಇಳಿಯಿತು. ಆಮೇಲೆ ಅದನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಬೀಜಕ್ಕಲ್ಲ."

"ಅಲ್ಲ."

"ಅವತ್ತೇ ಹೇಳಿದ್ರೆ ಒಂದು ದಿನ ಅತ್ತು ಸುಮ್ಮನಾಗ್ತಿದ್ದೆ ಕೊಂಪಾದ್ರೆ," ಎಂದಳು. ದನಿ ಏರಿರಲಿಲ್ಲ. "ಈಗ ಎಂಟು ತಿಂಗಳು ಸಂತೋಷಪಟ್ಟಿದೀನಲ್ಲ, ಅದನ್ನ ಏನ್ ಮಾಡ್ಲಿ?"

ಮಕಾರಿಯೊನ ನಾಯಿ ಎಲ್ಲೋ ಬೊಗಳಿತು. ಅವಳು ಎದ್ದು ಹೋಗುತ್ತಾಳೆ ಎಂದುಕೊಂಡ. ಹೋಗಲಿ ಎಂದೂ ಆಸೆಪಟ್ಟ. ಅವಳು ಹೋಗಲಿಲ್ಲ. ಶಾಲಿಗೆ ಅಂಟಿದ ಬಿಳಿ ಜೊಳ್ಳುಗಳನ್ನು ಒಂದೊಂದಾಗಿ ಬಿಡಿಸಿ ಗಾಳಿಗೆ ಬಿಟ್ಟಳು. ಎಲ್ಲ ಮುಗಿದ ಮೇಲೆ, "ಕಣ್ಮುಚ್ಚಿ. ಕೈ ಕೊಡಿ," ಎಂದಳು.

ಅವನು ಕೊಟ್ಟ. ಅರವತ್ತೆರಡು ವರ್ಷದ ಗಂಡಸು, ಹೊಲದ ಬದುವಿನಲ್ಲಿ ಕಣ್ಮುಚ್ಚಿ, ಸ್ನಾನಕ್ಕೆ ಹೆದರಿದ ಮಗುವಿನ ಹಾಗೆ ಕೈ ಚಾಚಿ ಕೂತ. ಅವಳ ಬಿಸಿ ಅಂಗೈ ಅವನ ಮಣಿಕಟ್ಟಿಗೆ ತಾಗಿತು. ಅಲ್ಲಿ ಇನ್ನೂ ಜೀವವಿತ್ತು.

"ತೋರುಬೆರಳ ಮೇಲೆ ಬೀಜ ಇಟ್ಟಿದೀನಿ. ಇದೆಯಾ?"

"ಇದೆ."

"ಇಲ್ಲ," ಎಂದಳು. "ಈಗ?"

"ಗೊತ್ತಾಗಲ್ಲ ಕೊಮಾದ್ರೆ."

"ಹಾಂ. ಇದು ನಿಜ." ಸ್ವಲ್ಪ ಹೊತ್ತು ಅವಳು ಕೈ ಬಿಡಲಿಲ್ಲ. "ಕ್ರೆಸೆನ್ಸಿಯಾಗೆ ಹೇಳಿದೀರಾ?" ಅವನು ಇಲ್ಲವೆಂದು ತಲೆಯಾಡಿಸಿದ. "ಹೇಳಿ. ಮೊದಲು ಅವಳಿಗೆ ಹೇಳ್ಬೇಕಿತ್ತು. ನೀವು ಗಂಡಸರು ಚಿಲಕ ಹಾಕಲಾರದ ಕೈಲಿ ಲೋಕ ಹಿಡೀತೀವಿ ಅಂತೀರಿ. ಚಿಲಕದ ವಿಷಯ ಅವಳು ಬಾವಿ ಹತ್ರ ಎಲ್ಲರಿಗೂ ಹೇಳಿ ನಕ್ಕಿದಾಳೆ, ಪಾಪ, ಗೊತ್ತಿಲ್ಲದೆ."

ಕಣ್ಣು ಬಿಟ್ಟಾಗ ಅವಳು ಅಳುತ್ತಿದ್ದಳು, ಮುಖ ಆಚೆ ತಿರುಗಿಸದೆ, ಒರೆಸಿಕೊಳ್ಳದೆ. ಅದು ಯಾರಿಗಾಗಿ ಎಂದು ಅವನು ಕೇಳಲಿಲ್ಲ. ಆ ಹೂಜಿಗಾಗಿ ಇರಬಹುದು, ಹೋದ ಎಂಟು ತಿಂಗಳಿಗಾಗಿ ಇರಬಹುದು. ಸ್ವಲ್ಪ ತನಗಾಗಿಯೂ ಇದ್ದರೆ ಎಂದು ಮನಸ್ಸು ಆಸೆಪಟ್ಟಿತು, ಆಸೆಗೆ ನಾಚಿದ.

"ನನ್ನ ಹಿತ್ತಲಲ್ಲಿ ಒಂದು ಕತ್ತಾಳೆ ಇದೆ," ಎಂದ. "ಬಲಿತಿದೆ ಅನ್ಸುತ್ತೆ. ಕಣ್ಣಿಗೆ ಹಾಗೆ ಕಾಣುತ್ತೆ, ಆದ್ರೆ ಕಣ್ಣನ್ನ ನಾನು ಯಾವತ್ತೂ ನಂಬಿದೋನಲ್ಲ. ನೀವು ಬಂದು ಮುಟ್ಟಿ ಹೇಳ್ಬೇಕು."

"ನನಗೇನ್ ಗೊತ್ತು ಅದೆಲ್ಲ?"

"ಹೇಳಿಕೊಡ್ತೀನಿ."

ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಅವಳ ಮನೆಯಲ್ಲಿಟ್ಟು, ಕತ್ತೆಯ ಎರಡು ಕಡೆ ಇಬ್ಬರೂ ನಡೆದು ಬಂದರು. ಮಕಾರಿಯೊ ಏನೋ ಕೂಗಲು ಬಾಯಿ ತೆರೆದು, ಅವರ ಮುಖ ನೋಡಿ, ರೊಟ್ಟಿ ತಿಂದ. ಹಿತ್ತಲಿನ ಕತ್ತಾಳೆ ಬೂದುಹಸಿರು, ದಪ್ಪ, ಕೋಳಿಗೂಡಿಗೆ ನೆರಳು ಕೊಟ್ಟುಕೊಂಡು ನಿಂತಿತ್ತು. ಫಿದೆನ್ಸಿಯೊ ಎಲೆಗಳನ್ನು ಬದಿಗೆ ಒತ್ತಿ ದಾರಿ ಮಾಡಿದ. ಪೆತ್ರೊನಿಲಾ ಶಾಲನ್ನು ಸೊಂಟಕ್ಕೆ ಬಿಗಿದು ಮೊಣಕಾಲೂರಿದಳು.

"ನಡುವಿನ ಸುಳಿ ಹಿಡೀರಿ. ತುದಿ ಮುಳ್ಳು ಬಿಟ್ಟು ಕೆಳಗೆ. ಮಡಿಕೆಯೊಳಗೆ ಬೆರಳು ಹೋಗುತ್ತಾ?"

"ಹೋಯ್ತು."

"ಅಂಚಿನ ಮುಳ್ಳು ಹೇಗಿದೆ?"

ಅವಳು ತಲೆ ವಾಲಿಸಿ, ಪಕ್ಕದ ಕೋಣೆಯ ಮಾತು ಕೇಳುವವಳ ಹಾಗೆ, ಬೆರಳನ್ನು ಇನ್ನೂ ಒಳಗೆ ಇಳಿಸಿದಳು. "ಮೇಲೆ ಗಟ್ಟಿ. ಒಳಗೆ ಹೋದ ಹಾಗೆ ಹಾಲುಹಲ್ಲಿನ ಹಾಗೆ. ಒತ್ತಿದ್ರೆ ಬಾಗುತ್ತೆ."

"ಅದೇ," ಎಂದ ಫಿದೆನ್ಸಿಯೊ. ನಲವತ್ತೈದು ವರ್ಷ ಅದಕ್ಕೆ ಹಾಲುಹಲ್ಲು ಎಂಬ ಹೆಸರು ಅವನಿಗೆ ಹೊಳೆದಿರಲಿಲ್ಲ.

ಉಳಿಯನ್ನು ಎತ್ತಿಕೊಂಡಾಗ ಕೈ ಒಂದು ಕ್ಷಣ ನಿಂತಿತು. ಜೂನಿನ ಒಂದು ಸಂಜೆ, ಬಾವಲಿಗಳನ್ನು ನೋಡಿ ಮನೆಗೆ ಬಂದವನು ಇದೇ ಗಿಡದ ಹತ್ತಿರ ನಿಂತು, ನಿನ್ನದನ್ನು ತೆಗೆಯುವುದಿಲ್ಲ, ನೀನು ಹೂ ಬಿಡು ಎಂದು ಮಾತು ಕೊಟ್ಟಿದ್ದ. ಯಾರೂ ಕೇಳಿರಲಿಲ್ಲ. ಗಿಡ ಕೇಳಿಸಿಕೊಂಡಿದ್ದರೂ ಹೇಳುವಂಥದ್ದಲ್ಲ. ಒಬ್ಬರಿಗೆ ಕೊಟ್ಟ ಮಾತಿನ ಮೇಲೆ ಇನ್ನೊಬ್ಬರ ಮಾತು ಕೂತುಬಿಡುತ್ತದೆ. ಎರಡನ್ನೂ ಉಳಿಸಿಕೊಳ್ಳುವಷ್ಟು ದೊಡ್ಡ ಹಿತ್ತಲು ಯಾರಿಗಿದೆ. ಬುಡದಲ್ಲಿ ನಾಲ್ಕು ಕಂದುಗಳಿದ್ದವು. ಅವನು ಗಾಳಿಯಲ್ಲಿ ಶಿಲುಬೆ ಬರೆದ. "ನಿನ್ನ ಹೂವು ತಗೊಳ್ತೀನಿ ತಾಯಿ. ಈ ಸಲ ಏನು ತಗೊಳ್ತಿದೀನಿ ಅಂತ ಗೊತ್ತು. ಕ್ಷಮಿಸು," ಎಂದ, ಪೆತ್ರೊನಿಲಾಳಿಗೂ ಕೇಳುವ ಹಾಗೆ. ಅವನ ಬೆರಳು ಉಳಿಯ ಹಿಡಿಯ ಮೇಲೆ ಜಾರದ ಹಾಗೆ ಅವಳು ತನ್ನ ಕೈಯನ್ನು ಅದರ ಮೇಲೆ ಒತ್ತಿ ಹಿಡಿದಳು.

ಸುಳಿ ಬಂತು, ಬಿಳಿಯಾಗಿ, ಒದ್ದೆಯಾಗಿ, ಮೊಳಕೈಯುದ್ದ, ತುದಿಯಲ್ಲಿ ಒಂದೇ ಕರಿ ಮುಳ್ಳು. ಆ ಊರಲ್ಲಿ ಕಿತ್ತ ಸುಳಿ ಯಾರ ಕೈ ಸೇರುತ್ತದೋ ಗಿಡದ ಸಿಹಿಯೆಲ್ಲ ಅವರದು. ಅದಕ್ಕೆ ಕಾಗದ ಬೇಡ, ಸಾಕ್ಷಿ ಬೇಡ. ಅಡುಗೆಮನೆಯ ಬಾಗಿಲಿಗೆ ಬಂದ ಕ್ರೆಸೆನ್ಸಿಯಾ ಏನೋ ಹೇಳಹೊರಟು ನಿಂತಳು. ಫಿದೆನ್ಸಿಯೊ ಟೋಪಿ ತೆಗೆದು, ಮುಳ್ಳಿನ ತುದಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಸುಳಿಯನ್ನು ಎರಡು ಕೈಯಲ್ಲಿ ಪೆತ್ರೊನಿಲಾಳಿಗೆ ಕೊಟ್ಟ.